ಸಹಕಾರ ಸಂಘಗಳಲ್ಲಿ ತೆರವಾದ ಸ್ಥಾನಗಳ ಭರ್ತಿ

ಕೂರಿಗೆಯಿಂದ ಬಿತ್ತನೆ ನಡೆಯುತ್ತಿರುವಾಗ ಅದರ ಕೊಳವೆಗಳಲ್ಲೊಂದು ಮಣ್ಣಿನಿಂದ ಕಟ್ಟಿಕೊಂಡರೆ ಆ ಹೊತ್ತಿನಲ್ಲಿ ಅದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಎತ್ತುಗಳು ಎಂದಿನಂತೆಯೇ ನಡೆಯುವುವು. ಉಳಿದ ಕೊಳವೆಗಳಿಂದ ಬೀಜವೂ ಬೀಳುತ್ತಿರುವುದು. ಕೆಲವು ದಿನಗಳು ಕಳೆದು ಮೊಳಕೆಗಳು ಮೇಲೆದ್ದಾಗ ಮಾತ್ರ ಹೊಲದುದ್ದಕ್ಕೂ ಒಂದು ಸಾಲು ಬರಿದಾಗಿರುವುದು ಕಾಣಿಸುವುದು. ಅಷ್ಟರಲ್ಲಿ ಹದವು ಮೀರಿ ಹೋಗಿರುವುದು. ಗ್ರಾಮಗಳಲ್ಲಿರುವ ಕೃಷಿ ಪತ್ತಿನ ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಒಂದು ಸ್ಥಾನವು ತೆರವಾಗಿ, ಅದನ್ನು ತುಂಬದೆ ಬಿಟ್ಟರೆ ಉಂಟಾಗುವ ನಷ್ಟವೂ ಇದೇ ತೆರನಾದುದು. ಸಂಘದ ಬಾಗಿಲು ತೆರೆದಿರುವುದು. ಲೆಕ್ಕದ ಪುಸ್ತಕಗಳೂ ಬರೆಯಲ್ಪಡುತ್ತಿರುವುವು. ಆದರೆ ಬರಿದಾದ ಸಾಲು ಯಾವುದೆಂಬುದು ಮುಂಗಾರಿನ ಸಾಲದ ಕಾಲ ಬಂದಾಗ ರಯತರಿಗೆ ತಿಳಿದುಬರುವುದು.

ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ರಯತರಿಗೆ ಈ ವಿಷಯವು ಬಹು ಸಮೀಪವಾದುದು. ಬಗದಲ ಮೊದಲಾದ ಈ ಸೀಮೆಯ ಗ್ರಾಮಗಳಲ್ಲಿ ಹೆಸರು, ಉದ್ದು, ತೊಗರಿ ಮತ್ತು ಸೋಯಾಬೀನ್ ಬೆಳೆಗಳೆಲ್ಲವೂ ಮುಂಗಾರು ಮಳೆಯನ್ನೇ ನಂಬಿಕೊಂಡಿರತಕ್ಕವು. ಮೃಗಶಿರ ಮಳೆ ಬಿದ್ದ ಮೇಲೆ ಬಿತ್ತನೆಗೆ ದೊರೆಯುವ ದಿನಗಳು ಕೆಲವೇ. ಆ ದಿನಗಳಲ್ಲಿ ಬೀಜಕ್ಕೂ ಗೊಬ್ಬರಕ್ಕೂ ಬೇಕಾದ ಹಣವು ಕೈಗೆ ಬರದಿದ್ದರೆ, ಅನಂತರ ಬಂದ ಹಣದಿಂದ ಪ್ರಯೋಜನವು ಅತ್ಯಲ್ಪ. ಈ ಹಣವು ರಯತರಿಗೆ ಬರುವ ಮುಖ್ಯವಾದ ದಾರಿಗಳಲ್ಲಿ ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೂ ಒಂದು. ಸಂಘಕ್ಕೆ ಹಣವು ಒದಗುವುದು ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನಿಂದ. ಈ ಸರಪಳಿಯಲ್ಲಿ ಗ್ರಾಮಸ್ಥರ ಕೈಯಲ್ಲಿರುವ ಕೊಂಡಿ ಯಾವುದೆಂದರೆ ಅವರೇ ಆರಿಸಿದ ಆಡಳಿತ ಮಂಡಳಿ. ಸಾಲದ ಅರ್ಜಿಗಳನ್ನು ಪರಿಶೀಲಿಸುವುದು, ಸಭೆಯಲ್ಲಿ ಮಂಜೂರು ಮಾಡುವುದು, ಉಪವಿಧಿಗಳು ಅಧ್ಯಕ್ಷರ ಸಹಿಯನ್ನು ಬೇಡುವ ಕಾಗದಗಳಿಗೆ ಸಹಿಯನ್ನು ಒದಗಿಸುವುದು, ಇವೆಲ್ಲವೂ ಆ ಮಂಡಳಿಯ ಕರ್ತವ್ಯ.

ಒಂದು ಸಂಘವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಅದರ ಅಧ್ಯಕ್ಷರು ತೀರಿಕೊಂಡರು. ಊರಿನವರು ದುಃಖಪಟ್ಟರು, ಕರ್ಮಾಂತರಗಳು ಮುಗಿದುವು. ಹೊಸ ಅಧ್ಯಕ್ಷರ ಮಾತೆತ್ತುವುದು ಅಗಲಿದವರಿಗೆ ಅಗೌರವವೆಂದು ಕೆಲವರು ಸುಮ್ಮನಿದ್ದರು. ಎರಡು ಮನೆತನಗಳ ನಡುವೆ ಪೈಪೋಟಿ ಎದ್ದೀತೆಂದು ಮತ್ತೆ ಕೆಲವರು ಹಿಂಜರಿದರು. ಉಪಾಧ್ಯಕ್ಷರು ತಾವಾಗಿ ಸಭೆ ಕರೆಯಲು ಅಂಜಿದರು. ಇನ್ನೊಬ್ಬ ನಿರ್ದೇಶಕರು ಅದಕ್ಕೂ ಮೊದಲೇ ಬಾಯಿಮಾತಿನಲ್ಲಿ ರಾಜೀನಾಮೆ ಹೇಳಿ ಪಟ್ಟಣಕ್ಕೆ ಹೋಗಿದ್ದರು. ಜೂನ್ ತಿಂಗಳಲ್ಲಿ ಸಭೆ ಕರೆದಾಗ ಕೋರಂ ಕೂಡಲಿಲ್ಲ. ಮುಂದಿನ ಸಭೆಗೆ ದಿನ ಗೊತ್ತುಮಾಡುವಷ್ಟರಲ್ಲಿ ಬಿತ್ತನೆಯ ಹದವು ಕಳೆದುಹೋಯಿತು. ದೊಡ್ಡ ಹಿಡುವಳಿದಾರನು ತನ್ನ ಉಳಿತಾಯದಿಂದಲೋ ಬೇರೆ ಬ್ಯಾಂಕಿನಿಂದಲೋ ಕೆಲಸ ಸಾಗಿಸಿಕೊಂಡನು. ಎರಡು ಮೂರು ಎಕರೆಯ ರಯತನು ಮಾತ್ರ ಖಾಸಗಿ ಸಾಲಗಾರನ ಬಾಗಿಲಿಗೆ ಹೋಗಬೇಕಾಯಿತು. ಇಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಒಂದು ಕುರ್ಚಿಯನ್ನು ಸಕಾಲದಲ್ಲಿ ನಿಯಮದಂತೆ ತುಂಬಲಿಲ್ಲವೆಂಬುದೊಂದೇ ದೋಷ. ಆದರೂ ಬಡ್ಡಿಯನ್ನು ತೆತ್ತವನು ಬಡ ರಯತನು.

ಇಂತಹ ಉದಾಸೀನಕ್ಕೆ ಕಾರಣವನ್ನು ಈ ಸೀಮೆಯ ಹಿಂದಿನ ವ್ಯವಸ್ಥೆಯಲ್ಲಿಯೇ ಹುಡುಕಬೇಕು. ಬೀದರ ಜಿಲ್ಲೆಯು 1948ರ ಸಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಅನಂತರ 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದು ರಾಜ್ಯದಲ್ಲಿದ್ದು, ಅದೇ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಕಾಲದ ಗ್ರಾಮಗಳಲ್ಲಿ ಪೊಲೀಸ್ ಪಾಟೀಲ, ಮಾಲಿ ಪಾಟೀಲ, ಕುಲಕರ್ಣಿ ಮೊದಲಾದ ಅಧಿಕಾರಗಳು ವತನಗಳಾಗಿದ್ದುವು. ತಂದೆಯು ತೀರಿಕೊಂಡರೆ ಅಧಿಕಾರವು ಮಗನಿಗೆ ಸಲ್ಲುತ್ತಿದ್ದಿತು. ಆದುದರಿಂದ ತೆರವಾದ ಸ್ಥಾನಕ್ಕೆ ಯಾರನ್ನು ಆರಿಸಬೇಕೆಂಬ ಪ್ರಶ್ನೆಯೇ ಗ್ರಾಮಸ್ಥರ ಮುಂದೆ ಬರುತ್ತಿರಲಿಲ್ಲ. ಅನುವಂಶಿಕವಾದ ಈ ಗ್ರಾಮಾಧಿಕಾರಗಳನ್ನು 1961ರ ಅಧಿನಿಯಮವು ರದ್ದುಪಡಿಸಿತು. ಕಾಗದದ ಮೇಲಿನ ವತನವು ಹೋಯಿತು. ಮನಸ್ಸಿನೊಳಗಿನ ವತನವು ಮಾತ್ರ ಎಲ್ಲೆಡೆಯೂ ಹೋಗಿಲ್ಲ. ಸಂಘದ ಅಧ್ಯಕ್ಷರು ತೀರಿಕೊಂಡೊಡನೆ ಅವರ ಮಗನೇ ಆ ಸ್ಥಾನಕ್ಕೆ ಬರಬೇಕೆಂದು ನಿರೀಕ್ಷಿಸುವುದೂ, ಹಾಗಾಗದಿದ್ದರೆ ಮನೆತನಕ್ಕೆ ಅಪಮಾನವಾಯಿತೆಂದು ಭಾವಿಸುವುದೂ ಈ ಹಳೆಯ ರೂಢಿಯ ಉಳಿಕೆಗಳೇ ಸರಿ. ಮಗನು ಯೋಗ್ಯನಾಗಿದ್ದರೆ ಸಂಘದ ಸದಸ್ಯನಾಗಿ, ಉಪವಿಧಿಗಳಲ್ಲಿ ಹೇಳಿದ ದಾರಿಯಿಂದ ಬರಲು ಯಾರ ಅಡ್ಡಿಯೂ ಇಲ್ಲ. ಮಗನೆಂಬ ಒಂದೇ ಕಾರಣದಿಂದ ಬರುವುದು ಸಹಕಾರವಲ್ಲ, ದಾಯಭಾಗ.

ಪೀಠವು ರಕ್ತಸಂಬಂಧದಿಂದ ಬರತಕ್ಕದ್ದಲ್ಲವೆಂಬ ತಿಳಿವಳಿಕೆಯು ಈ ಜಿಲ್ಲೆಗೆ ಹೊಸತೂ ಅಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಅಲ್ಲಮಪ್ರಭುವಿನ ಅನಂತರ ಚೆನ್ನಬಸವಣ್ಣನೂ, ಆತನ ಅನಂತರ ಸೊನ್ನಲಿಗೆಯ ಸಿದ್ಧರಾಮನೂ ಶೂನ್ಯಪೀಠವನ್ನೇರಿದರೆಂದು ಪರಂಪರೆಯು ಹೇಳುವುದು. ಇವರಲ್ಲಿ ಯಾರೊಬ್ಬನೂ ಹಿಂದಿನವನ ಮಗನಾಗಿರಲಿಲ್ಲ.

ಸಹಕಾರದ ಹುಟ್ಟಿನಲ್ಲಿಯೂ ಇದೇ ತತ್ತ್ವವಿರುವುದು. ಜರ್ಮನಿ ದೇಶದಲ್ಲಿ ರೈಫೈಸನ್ ಮಹಾಶಯನು 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರಯತರ ಸಾಲದ ಸಂಘವನ್ನು ಕಟ್ಟಿದನು. ಲೆಕ್ಕ ಬರೆಯುವವನ ಹೊರತು ಉಳಿದ ಅಧಿಕಾರಿಗಳು ಸಂಬಳವಿಲ್ಲದೆ ಸೇವೆ ಸಲ್ಲಿಸಬೇಕೆಂಬುದು ಆತನ ಸಂಘಗಳ ಕಟ್ಟಳೆಯಾಗಿದ್ದಿತು. ಸಂಬಳವಿಲ್ಲದ ಅಧಿಕಾರವು ಸ್ವತ್ತಲ್ಲ, ಹೊಣೆ. ಹೊಣೆಯನ್ನು ಹೊರುವವನು ಇಲ್ಲವಾದರೆ ಬೇರೊಬ್ಬನು ಕೂಡಲೇ ಹೆಗಲು ಕೊಡಬೇಕು. ಹಿಂದೂಸ್ಥಾನದಲ್ಲಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಹೈದರಾಬಾದು ಸಂಸ್ಥಾನದಲ್ಲಿ ಈ ಚಳವಳಿಯು 1914ರಲ್ಲಿ ಆರಂಭವಾಯಿತು. ಏಕೀಕರಣದ ಅನಂತರ ಬೇರೆಬೇರೆ ಪ್ರಾಂತಗಳ ಕಾನೂನುಗಳ ಬದಲಿಗೆ 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮವು ಬಂದಿತು. ಕಣಗಿನಹಾಳದ ಪಾಟೀಲರು ಗೌಡಿಕೆಯ ಊರಿನಲ್ಲಿದ್ದುಕೊಂಡೇ ಗೌಡಿಕೆಯಲ್ಲದ ಸಂಸ್ಥೆಯೊಂದನ್ನು ಕಟ್ಟಿದರೆಂಬುದು ಈ ಸೀಮೆಯ ಹಿರಿಯರು ನೆನೆಯತಕ್ಕ ಮಾತು.

ಇನ್ನು ಕಾನೂನಿನ ವಿಷಯ. ಸಂವಿಧಾನದ 97ನೆಯ ತಿದ್ದುಪಡಿಯು 2012ರ ಫೆಬ್ರವರಿ 15ರಂದು ಜಾರಿಗೆ ಬಂದಿತು. ಆಡಳಿತ ಮಂಡಳಿಯ ನಿರ್ದೇಶಕರು 21ಕ್ಕೆ ಮೀರಕೂಡದೆಂದೂ, ಅವರ ಅವಧಿಯು ಚುನಾವಣೆಯ ದಿನದಿಂದ 5 ವರ್ಷಗಳೆಂದೂ, ಅಧ್ಯಕ್ಷಾದಿಗಳ ಅವಧಿಯು ಮಂಡಳಿಯ ಅವಧಿಯೊಡನೆಯೇ ಮುಗಿಯತಕ್ಕದ್ದೆಂದೂ ಅದು ವಿಧಿಸಿತು. ನಡುವೆ ತೆರವಾದ ಸ್ಥಾನದ ವಿಷಯದಲ್ಲಿ ಅದು ಹೇಳಿದುದು ಹೀಗೆ: ಮಂಡಳಿಯ ಅವಧಿಯಲ್ಲಿ ಅರ್ಧಕ್ಕಿಂತ ಕಡಮೆ ಉಳಿದಿದ್ದರೆ, ಯಾವ ವರ್ಗದ ಸದಸ್ಯರ ಸ್ಥಾನವು ತೆರವಾಗಿದೆಯೋ ಅದೇ ವರ್ಗದ ಸದಸ್ಯರಲ್ಲೊಬ್ಬರನ್ನು ಮಂಡಳಿಯು ನಾಮನಿರ್ದೇಶನದಿಂದ ತುಂಬಿಕೊಳ್ಳಬಹುದು. 5 ವರ್ಷಗಳ ಅರ್ಧವೆಂದರೆ ಎರಡೂವರೆ ವರ್ಷ. ನಾಲ್ಕನೆಯ ವರ್ಷದಲ್ಲಿ ತೆರವಾದ ಸ್ಥಾನಕ್ಕೂ ಎರಡನೆಯ ವರ್ಷದಲ್ಲಿ ತೆರವಾದ ಸ್ಥಾನಕ್ಕೂ ಇರುವ ವ್ಯತ್ಯಾಸವು ಇದರಿಂದ ಸ್ಪಷ್ಟವಾಗುವುದು. ಮೊದಲನೆಯದರಲ್ಲಿ ಮಂಡಳಿಗೆ ನಾಮನಿರ್ದೇಶನದ ದಾರಿಯುಂಟು. ಎರಡನೆಯದರಲ್ಲಿ ಸದಸ್ಯರ ಬಳಿಗೆ ಹಿಂದಿರುಗಬೇಕು. ದೀರ್ಘಕಾಲದ ಅಧಿಕಾರವನ್ನು ಕೊಡುವವರು ಸದಸ್ಯರೇ ಹೊರತು ಮಂಡಳಿಯಲ್ಲವೆಂಬುದೇ ಇದರ ತಾತ್ಪರ್ಯ. ಈ ತಿದ್ದುಪಡಿಯ ಸಹಕಾರ ಭಾಗವು ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹರಡಿದ ಸಂಘಗಳಿಗೆ ಮಾತ್ರ ನೇರವಾಗಿ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಜುಲೈ 20ರಂದು ತೀರ್ಪಿತ್ತಿತು. ಆದುದರಿಂದ ಗ್ರಾಮದ ಸಂಘಕ್ಕೆ ಪ್ರಮಾಣವು ರಾಜ್ಯದ ಅಧಿನಿಯಮ, ಅದರ ನಿಯಮಗಳು, ಮತ್ತು ಸಂಘದ ನೋಂದಾಯಿತ ಉಪವಿಧಿಗಳು. ಸಂಘದ ಕಪಾಟಿನಲ್ಲಿರುವ ಪ್ರತಿಯು ಹಳೆಯದಾಗಿದ್ದರೆ, ತಿದ್ದುಪಡಿಗಳನ್ನೊಳಗೊಂಡ ಪ್ರತಿಯನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಿಂದ ತರಿಸಿಕೊಂಡು ಓದತಕ್ಕದ್ದು.

ಜನರು ಬೈಲಾ ಎಂದು ಕರೆಯುವ ಈ ಉಪವಿಧಿಗಳನ್ನು ಓದಿದವರಿಗೆ ತೆರವಾದ ಸ್ಥಾನವನ್ನು ತುಂಬುವುದು ಕಷ್ಟದ ಕಾರ್ಯವಲ್ಲ. ಮೊದಲನೆಯದಾಗಿ, ಸ್ಥಾನವು ತೆರವಾಗಿದೆಯೆಂಬುದನ್ನು ದಾಖಲೆಗೆ ತರಬೇಕು. ಮರಣವಾದರೆ ಆ ಸಂಗತಿಯನ್ನೂ, ರಾಜೀನಾಮೆಯಾದರೆ ಸಹಿಯುಳ್ಳ ಪತ್ರವನ್ನೂ, ಅನರ್ಹತೆಯಾದರೆ ಅದರ ಆಜ್ಞೆಯನ್ನೂ ಮಂಡಳಿಯ ಮುಂದಿಟ್ಟು ನಡವಳಿ ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಬಾಯಿಮಾತಿನ ರಾಜೀನಾಮೆಯು ಜಗಳದ ಬೀಜ. ಹೋದವನು ತಾನು ಹೋಗಲಿಲ್ಲವೆಂದೂ, ಇದ್ದವನು ಆತನು ಹೋದನೆಂದೂ ಮುಂದೆ ವಾದಿಸಲು ಅದರಿಂದ ಎಡೆಯುಂಟಾಗುವುದು. ಎರಡನೆಯದಾಗಿ, ತೆರವಾದುದು ಅಧ್ಯಕ್ಷಸ್ಥಾನವೋ ನಿರ್ದೇಶಕಸ್ಥಾನವೋ ಎಂಬುದನ್ನು ವಿಂಗಡಿಸಬೇಕು. ಅಧ್ಯಕ್ಷರು ತೀರಿಕೊಂಡಾಗ ಎರಡು ಸ್ಥಾನಗಳು ಒಮ್ಮೆಗೇ ತೆರವಾಗುವುವು: ಒಂದು ಅಧ್ಯಕ್ಷರದು, ಇನ್ನೊಂದು ಅವರು ಆರಿಸಿಬಂದಿದ್ದ ನಿರ್ದೇಶಕರದು. ಮೊದಲನೆಯದನ್ನು ನಿರ್ದೇಶಕರು ತಮ್ಮೊಳಗಿನಿಂದ ಆರಿಸುವರು. ಎರಡನೆಯದನ್ನು ಸದಸ್ಯವರ್ಗದಿಂದ ತುಂಬಬೇಕು. ಇವೆರಡನ್ನು ಒಂದೇ ಎಂದು ಭಾವಿಸಿ, ಹೊರಗಿನವರೊಬ್ಬರನ್ನು ತಂದು ನೇರವಾಗಿ ಅಧ್ಯಕ್ಷರ ಕುರ್ಚಿಯಲ್ಲಿ ಕುಳ್ಳಿರಿಸುವುದು ಸಲ್ಲದು.

ಮೂರನೆಯದಾಗಿ, ಸಭೆಯನ್ನು ಕರೆಯುವ ತಿಳುವಳಿಕೆಯ ಪತ್ರವು ಪ್ರತಿಯೊಬ್ಬ ನಿರ್ದೇಶಕರಿಗೂ ಉಪವಿಧಿಗಳಲ್ಲಿ ಹೇಳಿದಷ್ಟು ದಿನ ಮುಂಚಿತವಾಗಿ ಮುಟ್ಟಬೇಕು. ಅದರಲ್ಲಿ ತೆರವಾದ ಸ್ಥಾನದ ಭರ್ತಿಯೇ ವಿಷಯವೆಂದು ಸ್ಪಷ್ಟವಾಗಿ ಬರೆದಿರಬೇಕು. "ಇತರ ವಿಷಯಗಳು" ಎಂಬ ತಲೆಬರಹದ ಕೆಳಗೆ ಇದನ್ನು ಅಡಗಿಸಿ ತರಕೂಡದು. ನಾಲ್ಕನೆಯದಾಗಿ, ಕೋರಂ ಕೂಡಿದ ಮೇಲೆಯೇ ಕಾರ್ಯವು ಆರಂಭವಾಗಬೇಕು. ಹಾಜರಿದ್ದವರ ಸಹಿಗಳನ್ನು ಆ ಸಭೆಯಲ್ಲಿಯೇ ಪಡೆಯಬೇಕು. ಮನೆಮನೆಗೆ ಪುಸ್ತಕವನ್ನು ಒಯ್ದು ಸಹಿ ಹಾಕಿಸುವ ಪದ್ಧತಿಯು ಎಷ್ಟು ಅನುಕೂಲವೆನಿಸಿದರೂ ಸಭೆಯಲ್ಲ. ಐದನೆಯದಾಗಿ, ಹೊಸಬರು ಉಳಿದ ಅವಧಿಗೆ ಮಾತ್ರ ಬರುವರೆಂಬುದನ್ನು ನಿರ್ಣಯದಲ್ಲಿ ಬರೆದು, ಅದರ ಪ್ರತಿಯನ್ನು ಇಲಾಖೆಯ ಕಚೇರಿಗೂ ಕೇಂದ್ರ ಬ್ಯಾಂಕಿಗೂ ಕಳುಹಿಸತಕ್ಕದ್ದು. ಸಹಿಯ ಮಾದರಿಯು ಬ್ಯಾಂಕಿಗೆ ತಲುಪದಿದ್ದರೆ ಹೊಸ ಅಧ್ಯಕ್ಷರ ಆಯ್ಕೆಯಿಂದ ರಯತರಿಗೆ ತತ್ಕ್ಷಣದ ಪ್ರಯೋಜನವಿಲ್ಲ.

ಅದೇ ವರ್ಗದಿಂದ ತುಂಬಬೇಕೆಂಬ ಮಾತನ್ನು ಹಿರಿಯರು ಮುಖ್ಯವಾಗಿ ಲಕ್ಷ್ಯದಲ್ಲಿಡಬೇಕು. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ಮಂಡಳಿಯಲ್ಲಿ ಕಾದಿರಿಸಿದ ಸ್ಥಾನಗಳುಂಟು. ಅಂತಹ ಸ್ಥಾನವು ತೆರವಾದಾಗ ಅದನ್ನು ಬರಿದಾಗಿ ಬಿಡುವ ಅಥವಾ ಹೆಸರಿಗೆ ಮಾತ್ರ ತುಂಬುವ ಆಸೆಯು ಬಲವಾಗಿರುವುದು. ನಿರ್ದೇಶಕಿಯ ಹೆಸರು ಪುಸ್ತಕದಲ್ಲಿ, ಆಕೆಯ ಗಂಡನು ಸಭೆಯಲ್ಲಿ ಎಂಬ ವ್ಯವಸ್ಥೆಯು ತುಂಬಿದ ಸ್ಥಾನವಲ್ಲ. ಅದೂ ತೆರವಾದ ಸ್ಥಾನವೇ. ಬೀದರ ಜಿಲ್ಲೆಯ ಸಹಕಾರಿ ಕೇಂದ್ರ ಬ್ಯಾಂಕು ಮಹಿಳೆಯರ ಸ್ವಸಹಾಯ ಗುಂಪುಗಳಿಗೆ ಸಾಲವನ್ನೊದಗಿಸಿ ಹೆಸರು ಪಡೆಯಿತು. ಆ ಗುಂಪುಗಳಲ್ಲಿ ಹಣವನ್ನು ಎಣಿಸಿ, ಲೆಕ್ಕವನ್ನು ಒಪ್ಪಿಸಿ, ಕಂತುಗಳನ್ನು ಕಟ್ಟಿ ಅನುಭವ ಪಡೆದ ಸ್ತ್ರೀಯರು ಈ ಜಿಲ್ಲೆಯ ಗ್ರಾಮಗಳಲ್ಲಿ ಇರುವರು. ಇಂತಹ ನಾಡಿನಲ್ಲಿ ಯೋಗ್ಯಳಾದ ಸದಸ್ಯೆಯು ಸಿಕ್ಕುವುದಿಲ್ಲವೆಂಬ ಮಾತನ್ನು ಒಪ್ಪಲಾಗದು. ಹುಡುಕಲಿಲ್ಲವೆಂದು ಹೇಳಿದರೆ ಅದು ಸತ್ಯಕ್ಕೆ ಹತ್ತಿರವಾದೀತು.

ಈ ವಿಚಾರದಲ್ಲಿ ಎದುರಾಡತಕ್ಕವರ ಮಾತುಗಳೂ ಇಲ್ಲದಿಲ್ಲ. ಚುನಾವಣೆಯೆಂದರೆ ಊರು ಒಡೆಯುವುದು, ಹಿರಿಯರು ಕುಳಿತು ಒಬ್ಬರನ್ನು ಗೊತ್ತುಮಾಡಿದರೆ ಊರು ಒಂದಾಗಿರುವುದು ಎಂದು ಕೆಲವರು ಹೇಳುವರು. ಊರಿನ ಐಕ್ಯವು ಬೆಲೆಯುಳ್ಳ ವಸ್ತುವೆಂಬುದು ನಿರ್ವಿವಾದ. ಆದರೆ ಅವಿರೋಧವಾದ ಆಯ್ಕೆಗೂ ಹಿರಿಯರ ಅಪ್ಪಣೆಗೂ ಭೇದವುಂಟು. ಎಲ್ಲರಿಗೂ ತಿಳುವಳಿಕೆ ಮುಟ್ಟಿ, ಹೆಸರನ್ನು ಸೂಚಿಸಲು ಎಲ್ಲರಿಗೂ ಅವಕಾಶವಿದ್ದು, ಕೊನೆಗೆ ಒಂದೇ ಹೆಸರು ಉಳಿದರೆ ಅದು ಅವಿರೋಧ. ಹಿಂದಿನ ರಾತ್ರಿ ಒಂದು ಪಡಸಾಲೆಯಲ್ಲಿ ಹೆಸರು ಗೊತ್ತಾಗಿ, ಮರುದಿನ ಸಭೆಯು ಅದಕ್ಕೆ ತಲೆಯಾಡಿಸಿದರೆ ಅದು ಮೌನ. ಮೌನವನ್ನು ಸಮ್ಮತಿಯೆಂದು ನಂಬಿದ ಸಂಘಗಳಲ್ಲಿ ಸಾಲದ ಮರುಪಾವತಿಯ ಕಾಲಕ್ಕೆ ಆ ಮೌನವು ಬೇರೊಂದು ರೂಪದಿಂದ ಹೊರಬೀಳುವುದು. ತನ್ನದೆಂದು ಅನ್ನಿಸದ ಸಂಘಕ್ಕೆ ಸಕಾಲದಲ್ಲಿ ಹಣ ಕಟ್ಟುವ ಉತ್ಸಾಹವು ಯಾರಿಗೆ ತಾನೇ ಇದ್ದೀತು?

ಇನ್ನು ಕೆಲವರು, ಉಪಾಧ್ಯಕ್ಷರು ಇರುವಾಗ ಅವಸರವೇನೆಂದು ಕೇಳುವರು. ಅಧ್ಯಕ್ಷರಿಲ್ಲದಾಗ ಉಪಾಧ್ಯಕ್ಷರು ಕೆಲಸ ಸಾಗಿಸುವುದು ಯೋಗ್ಯವೇ. ಆದರೆ ಅದು ಹಳ್ಳವನ್ನು ದಾಟಲು ಹಾಕಿದ ತಾತ್ಕಾಲಿಕವಾದ ಹಲಗೆ. ಅದರ ಮೇಲೆ ಮನೆಯನ್ನು ಕಟ್ಟಲಾಗದು. ಉಳಿದಿರುವ ಅವಧಿಯು ಕೆಲವೇ ತಿಂಗಳುಗಳು, ಇದಕ್ಕಾಗಿ ಶ್ರಮವೇಕೆ ಎಂಬುದು ಮತ್ತೊಂದು ಮಾತು. ಆ ಕೆಲವು ತಿಂಗಳುಗಳಲ್ಲಿ ಒಂದು ಮುಂಗಾರು ಬರುವುದಾದರೆ ರಯತನಿಗೆ ಅದು ಇಡೀ ವರ್ಷ. ಬೇಡವೆಂದು ಎಲ್ಲರೂ ಹಿಂದೆ ಸರಿದ ಸಂಘದಲ್ಲಿ ಏನಾಗುವುದೆಂಬುದನ್ನು "ಹಾಳೂರಿಗೆ ಉಳಿದವನೇ ಗೌಡ" ಎಂಬ ಗಾದೆಯು ಬಹು ಕಾಲದ ಹಿಂದೆಯೇ ಹೇಳಿಟ್ಟಿರುವುದು.

ತುಂಬದೆ ಬಿಟ್ಟ ಸ್ಥಾನಗಳ ಕೊನೆಯ ಫಲವೂ ತಿಳಿದಿರಬೇಕಾದುದು ಅವಶ್ಯ. ಮಂಡಳಿಯ ರಚನೆಯಲ್ಲಾಗಲಿ ಕಾರ್ಯದಲ್ಲಾಗಲಿ ಸ್ಥಗಿತತೆ ಉಂಟಾಗುವುದನ್ನು 97ನೆಯ ತಿದ್ದುಪಡಿಯು ಮಂಡಳಿಯನ್ನು ತೆಗೆದುಹಾಕುವ ಕಾರಣಗಳಲ್ಲಿ ಒಂದೆಂದು ಎಣಿಸಿರುವುದು. ಮಂಡಳಿಯು ನಿಂತುಹೋದ ಸಂಘಕ್ಕೆ ಸರಕಾರದಿಂದ ಆಡಳಿತಾಧಿಕಾರಿಯು ಬರುವರು. ಅವರು ಎಷ್ಟೇ ದಕ್ಷರಾಗಿರಲಿ, ಹಲವು ಕೆಲಸಗಳ ನಡುವೆ ಈ ಸಂಘವೂ ಅವರಿಗೆ ಒಂದು ಕೆಲಸ. ಯಾವ ಹೊಲವು ತೇವವನ್ನು ಹಿಡಿಯುವುದು, ಯಾವ ರಯತನು ಮಳೆ ಕೈಕೊಟ್ಟರೂ ಸಾಲವನ್ನು ತೀರಿಸುವನು ಎಂಬುದು ಊರಿನ ನಿರ್ದೇಶಕನಿಗೆ ತಿಳಿದಿರುವಂತೆ ಹೊರಗಿನವರಿಗೆ ತಿಳಿಯದು. ತಮ್ಮ ಸಂಘವನ್ನು ತಾವೇ ನಡೆಸುವ ಹಕ್ಕನ್ನು ರಯತರು ಯಾರ ದಬ್ಬಾಳಿಕೆಯಿಂದಲೂ ಅಲ್ಲ, ಕೇವಲ ಒಂದು ಸಭೆಯನ್ನು ಕರೆಯದ ಆಲಸ್ಯದಿಂದ ಕಳೆದುಕೊಳ್ಳುವುದು ಶೋಚನೀಯವಲ್ಲವೇ?

ಈ ವಿಷಯದಲ್ಲಿ ಗ್ರಾಮದ ಹಿರಿಯರ ಮತ್ತು ಜಮೀನ್ದಾರರ ಹೊಣೆಯು ಉಳಿದವರದಕ್ಕಿಂತ ದೊಡ್ಡದು. ಅವರ ಮಾತಿಗೆ ಊರಿನಲ್ಲಿ ತೂಕವುಂಟು. ಆ ತೂಕವನ್ನು ಹೆಸರೊಂದನ್ನು ಗೊತ್ತುಮಾಡಲು ಬಳಸದೆ, ಸಭೆಯ ದಿನವನ್ನು ಗೊತ್ತುಮಾಡಲು ಬಳಸುವುದೇ ಉತ್ತಮವಾದ ಮಾರ್ಗ. ಯಾರು ಬರಬೇಕೆಂಬುದನ್ನು ಉಪವಿಧಿಗಳಿಗೂ ಸದಸ್ಯರಿಗೂ ಬಿಟ್ಟು, ಬರುವವರು ಸಕಾಲದಲ್ಲಿ ಬರುವಂತೆ ನೋಡಿಕೊಂಡರೆ ಅವರ ಹಿರಿತನಕ್ಕೆ ಯಾವ ಕುಂದೂ ಬಾರದು. ದುಃಖದಲ್ಲಿರುವ ಮನೆಯವರನ್ನು ಕಂಡು, ಹೊಸ ಆಯ್ಕೆಯು ಅಗಲಿದವರ ಕೆಲಸವನ್ನು ಮುಂದುವರಿಸುವುದಕ್ಕಾಗಿಯೇ ಎಂದು ಸಮಾಧಾನ ಹೇಳಬಲ್ಲವರೂ ಅವರೇ. ಪೈಪೋಟಿಯಿದ್ದಲ್ಲಿ ಎರಡು ಕಡೆಯವರನ್ನೂ ಸಭೆಗೆ ಬರಮಾಡಿ, ಮತಗಳ ಎಣಿಕೆಯಾದ ಮೇಲೆ ಸೋತವರನ್ನು ಗೆದ್ದವರ ಪಕ್ಕದಲ್ಲಿ ಕುಳ್ಳಿರಿಸಬಲ್ಲವರೂ ಅವರೇ.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವುದು ಪ್ರಯೋಜನಕರವಲ್ಲ. ಸ್ಥಾನವು ತೆರವಾದ ಮೇಲೆ ಉಪವಿಧಿಗಳ ಪುಸ್ತಕವನ್ನು ಹುಡುಕುವುದಕ್ಕಿಂತ, ಅದಕ್ಕೆ ಮೊದಲೇ ಓದಿಟ್ಟುಕೊಳ್ಳುವುದು ಮೇಲು. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರಗಳ ಜೊತೆಗೆ, ಪದಾಧಿಕಾರಿಗಳ ಆಯ್ಕೆಗೂ ತೆರವಾದ ಸ್ಥಾನಗಳಿಗೂ ಸಂಬಂಧಿಸಿದ ಉಪವಿಧಿಗಳನ್ನು ಗಟ್ಟಿಯಾಗಿ ಓದಿಸುವುದು ಒಳ್ಳೆಯ ಪದ್ಧತಿಯಾದೀತು. ಅದಕ್ಕೆ ಹತ್ತು ನಿಮಿಷಗಳಿಗಿಂತ ಹೆಚ್ಚು ಹಿಡಿಯದು. ಅವುಗಳ ಪ್ರತಿಯೊಂದನ್ನು ಸಂಘದ ಗೋಡೆಯ ಮೇಲೆ, ರಸಗೊಬ್ಬರದ ದರಪಟ್ಟಿಯ ಪಕ್ಕದಲ್ಲಿ ಅಂಟಿಸಿದರೆ ಇನ್ನೂ ಒಳಿತು. ಗ್ರಾಮದ ಯುವಕ ಸಂಘ, ವಾಚನಾಲಯ, ನೀರು ಬಳಕೆದಾರರ ಸಂಘ ಇವುಗಳಿಗೂ ತಮ್ಮತಮ್ಮ ಉಪವಿಧಿಗಳಿರುವುದರಿಂದ ಇದೇ ಮಾತು ಅವುಗಳಿಗೂ ಸಲ್ಲುವುದು.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ರಯತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವರು. ತಾವು ಇರಲಿ ಇಲ್ಲದಿರಲಿ, ಹೊಲವು ಮುಂದಿನವರಿಗೂ ಅನ್ನವನ್ನು ನೀಡುತ್ತಿರಬೇಕೆಂಬ ಭಾವನೆಯು ಆ ಆಚರಣೆಯ ಹಿಂದಿರುವುದು. ಸಂಘವೂ ಅಂತಹ ಒಂದು ಹೊಲವೇ. ಅದನ್ನು ಉತ್ತವರು ಹೋಗುವರು, ಬೇರೆಯವರು ಬರುವರು. ನಡುವೆ ಅದು ಬೀಳುಬೀಳದಂತೆ ನೋಡಿಕೊಳ್ಳತಕ್ಕ ಹೊಣೆಯು ಗ್ರಾಮದ ಹಿರಿಯರ ಮೇಲಿರುವುದು. ಮುಂದಿನ ಮುಂಗಾರಿಗೆ ಮೊದಲು ಪ್ರತಿಯೊಂದು ಗ್ರಾಮದ ಹಿರಿಯರೂ ತಮ್ಮ ಸಂಘದ ಮಂಡಳಿಯ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ, ಒಂದು ಹೆಸರು ಕಡಮೆಯಾಗಿದ್ದರೂ ಸಭೆಗೆ ದಿನ ಗೊತ್ತುಮಾಡಿಸಿದರೆ ರಯತರಿಗೆ ಅದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.